ಕೊನೆಯ ಕುರ್ಚಿಗೆ ಮೈಕು ಬರುವ ತನಕ

ಮೈಕಿಗೆ ವೈರಿಲ್ಲ. ಇದ್ದಿದ್ದರೆ ಮೂರನೇ ಸಾಲಿಗೆ ಬಂದು ನಿಂತುಬಿಡುತ್ತಿತ್ತು, ಹೋದ ವರ್ಷದ ಕೃತಜ್ಞತಾ ಕೂಟದ ತನಕ ಹಾಗೇ ಆಗುತ್ತಿದ್ದದ್ದು, ಹಿಂದೆ ಕೂತವರು ಎದ್ದು ನಿಂತು ಗಂಟಲು ಹರಿದುಕೊಳ್ಳಬೇಕಿತ್ತು, ಅರ್ಧ ಸ್ತೋತ್ರ ದೇವರಿಗೆ ಅರ್ಧ ಫ್ಯಾನಿಗೆ — ಈಗ ಯಾರೋ ಪುಣ್ಯಾತ್ಮರು ಹೊಸದು ಕೊಡಿಸಿದ್ದಾರೆ, ಕಪ್ಪಗೆ ಬದನೆಕಾಯಿಯ ಹಾಗಿದೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಎಲ್ಲಿಗೆ ಬೇಕಾದರೂ ಬರಬಲ್ಲದು, ಗೋಡೆಗೆ ಆತುಕೊಂಡಿರುವ ಈ ಕೊನೆಯ ಕುರ್ಚಿಗೂ. ಬರಲಿ. ಬರದೇ ಎಲ್ಲಿಗೆ ಹೋಗುತ್ತದೆ. ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟರೆ ಕಾಣುತ್ತದೆ, ಮಗುಚಿ ಇಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ, ಇವಳು ಮುಂದೆ ನೋಡುತ್ತಲೇ ತನ್ನ ಕೈಚೀಲವನ್ನು ಅದರ ಮೇಲೆ ಇಟ್ಟಿದ್ದಾಳೆ, ಕೈ ಮುಚ್ಚಿದ ಹಾಗೂ ಆಯಿತು, ಗಂಡನಿಗೆ ಚೀಲ ಕಾಯುವ ಕೆಲಸ ಕೊಟ್ಟ ಹಾಗೂ ಆಯಿತು. ಬೆಳಿಗ್ಗೆ ಬಾಯಿಪಾಠ ಮಾಡಿಸಿದಳು. ಈಗ ನನ್ನ ಅಂಗಿಯ ಗುಂಡಿ ಹಾಕುವವಳು ಅವಳೇ, ಕೆಳಗಿನಿಂದ ಮೇಲಕ್ಕೆ ಹಾಕುತ್ತ ಬಂದು ಕುತ್ತಿಗೆಯ ಹತ್ತಿರ ನಿಂತು, ಹೇಳಿ ನೋಡೋಣ ಅಂದಳು, ಪ್ರಾಣ ಉಳಿಸಿದ್ದಕ್ಕೆ ಸ್ತೋತ್ರ ಅಂದೆ, ಇನ್ನೊಂದು ಸಲ, ಪ್ರಾಣ ಉಳಿಸಿದ್ದಕ್ಕೆ ಸ್ತೋತ್ರ, ಮುಖ ಯಾಕೆ ಹಾಗೆ ಮಾಡ್ತೀರಿ ಕಷಾಯ ಕುಡಿದವರ ಹಾಗೆ, ಒಂದು ಸಾಲು ರೀ, ಹೇಳಿ ಕೂತುಬಿಡಿ, ಮಿಕ್ಕದ್ದು ಅಯ್ಯನವರು ನೋಡಿಕೊಳ್ತಾರೆ. ಮಿಕ್ಕದ್ದು ಅಂದರೆ ಕೆಲಸ. ನಮ್ಮ ಸಭೆ ನಡೆಸುವ ಮಕ್ಕಳ ಮನೆಗೆ ಒಬ್ಬ ವಾರ್ಡನ್ ಬೇಕು, ಊಟದ ಹೊತ್ತಿಗೆ ಮಕ್ಕಳನ್ನು ಕೂರಿಸಿ ಸ್ತೋತ್ರ ಹೇಳಿಸುವವನು, ಅದಕ್ಕೆ ಬೆರಳು ಬೇಕಾಗಿಲ್ಲ, ನಂಬಿಕೆ ಬೇಕು. ಸಭೆಯ ಪಾದ್ರಿ ಅಯ್ಯನವರು ಮನೆಗೇ ಬಂದು ಹೇಳಿದರು, ನೀವು ಅಲ್ಲೇ ಬೆಳೆದವರು, ನಿಮಗಿಂತ ಬೇರೆ ಯಾರು, ಭಾನುವಾರ ದೇವರು ಕಾಪಾಡಿದ್ದಕ್ಕೆ ಒಂದು ಮಾತು ಸಾಕ್ಷಿ ಹೇಳಿ, ಜನಕ್ಕೂ ಧೈರ್ಯ ಬರುತ್ತೆ, ಆಮೇಲೆ ಕೂತು ಮಾತಾಡೋಣ. ಕಾಫಿ ಲೋಟ ನನ್ನ ಕೈಗೆ ಕೊಡಲು ಬಂದು, ಯಾವ ಕೈ ಅಂತ ತಿಳಿಯದೆ ಮೇಜಿನ ಮೇಲೆ ಇಟ್ಟರು.

ಕೊನೆಯ ಕುರ್ಚಿ ನನ್ನ ಕುರ್ಚಿ, ಯಾರೂ ಹೇಳಬೇಕಾಗಿಲ್ಲ, ಕಾಲೇ ಇಲ್ಲಿಗೆ ತಂದು ಕೂರಿಸುತ್ತದೆ. ಮಕ್ಕಳ ಮನೆಯಲ್ಲಿ ಎತ್ತರದ ಲೆಕ್ಕದಲ್ಲಿ ಕೂರಿಸುತ್ತಿದ್ದರು, ಉದ್ದನೆಯವರು ನಮ್ಮನ್ನೆಲ್ಲ ಸಾಕುತ್ತಿದ್ದ ದೊಡ್ಡಮ್ಮನ ಪಕ್ಕ, ಗಿಡ್ಡನೆಯವರು ಬಾಗಿಲ ಪಕ್ಕ, ಬಾಗಿಲ ಪಕ್ಕ ನಾನು, ವರ್ಷಗಟ್ಟಲೆ ನಾನೇ, ನನಗಿಂತ ಸಣ್ಣವರು ಬಂದರೂ ನಾನು ಬೆಳೆಯದೆ ಅಲ್ಲೇ ಉಳಿದೆ, ಬಾಲಂಗೋಚಿ ಅಂತ ಹೆಸರಾಯಿತು, ಈಗ ಎತ್ತರ ಬೆಳೆದಿದ್ದೇನೆ, ಹೆಸರು ಬೆಳೆಯಲಿಲ್ಲ. ತಟ್ಟೆಯಲ್ಲಿ ಬಡಿಸಿಯಾದ ಮೇಲೆ ಕೈ ಜೋಡಿಸಿ ಕಣ್ಣು ಮುಚ್ಚಿ ಒಬ್ಬೊಬ್ಬರೂ ಒಂದೊಂದಕ್ಕೆ ಸ್ತೋತ್ರ ಹೇಳಬೇಕು, ಮತ್ತೆ ದೊಡ್ಡಮ್ಮನ ನಿಯಮ ಒಂದೇ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ, ಎಂಜಲು ಸ್ತೋತ್ರ ದೇವರಿಗೆ ಬೇಡ ಕಣ್ರೋ ಅನ್ನುತ್ತಿದ್ದಳು. ಅನ್ನ ಮೊದಲನೆಯವನಿಗೆ ಹೋಗುತ್ತಿತ್ತು, ನೀರು ಎರಡನೆಯವನಿಗೆ, ಸೂರ್ಯ ಚಂದ್ರ ಗಾಳಿ ಗಿಡ ಎಲ್ಲ ಸಾಲಿನ ಅರ್ಧಕ್ಕೆ ಬರುವ ಮೊದಲೇ ಖಾಲಿ, ಆಮೇಲೆ ಚಪ್ಪಲಿ, ಕಂಬಳಿ, ಸ್ಕೂಲು, ಪಾಸಾದದ್ದು, ಜ್ವರ ಬಿಟ್ಟದ್ದು, ನನ್ನ ಹತ್ತಿರ ಬರುವ ಹೊತ್ತಿಗೆ ಇಡೀ ಲೋಕ ಯಾರ್‍ಯಾರದ್ದೋ ಆಗಿರುತ್ತಿತ್ತು. ಏನೂ ಇಲ್ಲ ದೊಡ್ಡಮ್ಮ ಅಂದರೆ, ಇನ್ನೊಂದಿರುತ್ತೆ, ಹುಡುಕು ಅನ್ನುತ್ತಿದ್ದಳು, ಸಿಟ್ಟಿಲ್ಲದೆ, ಎಷ್ಟು ಹೊತ್ತು ಬೇಕಾದರೂ ಕಾಯುತ್ತಿದ್ದಳು, ಊಟ ಆರುತ್ತಿತ್ತು, ಪಕ್ಕದ ಡುಮ್ಮ ತೊಡೆ ಚಿವುಟುತ್ತಿದ್ದ, ಲೇ ಏನಾದ್ರೂ ಬೊಗಳೋ, ಹೊಟ್ಟೆ ಹಸೀತಿದೆ — ಟವೆಲು ನೇತುಹಾಕುವ ಮೊಳೆಗೆ ಸ್ತೋತ್ರ. ಬಾಗಿಲ ಕೆಳಗಿನ ಸಂದಿಗೆ ಸ್ತೋತ್ರ, ಅದರಲ್ಲಿ ಬೆಳಕು ಬರುತ್ತೆ. ನಲ್ಲಿಯಲ್ಲಿ ನೀರು ಬರುವ ಮುಂಚೆ ಬರುವ ಕೆಮ್ಮಿಗೆ ಸ್ತೋತ್ರ. ಎಲ್ಲರೂ ನಕ್ಕರು, ದೊಡ್ಡಮ್ಮ ನಗಲಿಲ್ಲ, ಇವನಿಗೆ ಕಾಣುವುದು ನಿಮಗ್ಯಾರಿಗೂ ಕಾಣಲ್ಲ ಅಂದಳು, ಅವತ್ತು ರಾಜನ ಹಾಗೆ ಉಂಡೆ. ಆಮೇಲೆ ಅದೇ ಚಟವಾಯಿತು, ಯಾರೂ ಮುಟ್ಟದ್ದನ್ನು ಹುಡುಕಿ ಇಟ್ಟುಕೊಳ್ಳುವುದು, ಕಳ್ಳ ಜೇಬಿಗೆ ಹಾಕಿಕೊಂಡ ಹಾಗೆ. ಮತ್ತೆ ಕಣ್ಣು. ಕಣ್ಣು ಬಿಟ್ಟುಕೊಂಡು ಹೇಳಿದರೆ ಅದು ಅರ್ಧ ಸ್ತೋತ್ರ, ತಟ್ಟೆ ನೋಡುತ್ತ ಹೇಳಿದರೆ ಅದು ತಟ್ಟೆಗೆ ಹೇಳಿದ್ದು, ದೊಡ್ಡಮ್ಮ ಸಾಲಿನ ಹಿಂದೆ ನಡೆಯುತ್ತಿದ್ದಳು ಚಮಚ ಹಿಡಿದು, ಯಾರ ರೆಪ್ಪೆ ಅಲ್ಲಾಡಿತೋ ಅವರ ರೆಪ್ಪೆಯ ಮೇಲೆ ಚಮಚದ ಬೆನ್ನಿನಿಂದ ಮೆಲ್ಲಗೆ, ನೋವಾಗದ ಹಾಗೆ, ತಣ್ಣಗೆ. ಸ್ತೋತ್ರ ಅನ್ನುವ ಶಬ್ದ, ಮುಚ್ಚಿದ ಕಣ್ಣು, ಜೋಡಿಸಿದ ಕೈ, ಮೂರೂ ಒಂದೇ ಗುಂಡಿಗೆ ಸಿಕ್ಕಿಸಿದ ಹಾಗೆ, ಒಂದನ್ನು ಎಳೆದರೆ ಮೂರೂ ಬರುತ್ತವೆ. ನೀನು ಯಾರು. ದೇವರು ಎತ್ತಿಕೊಂಡ ಮಗು. ನಿನ್ನ ಕೆಲಸ ಏನು. ಸ್ತೋತ್ರ ಹೇಳುವುದು. ದಿನಾ ಬೆಳಿಗ್ಗೆ, ಹಲ್ಲುಜ್ಜುವ ಮುಂಚೆ. ಬೇರೆ ಮಕ್ಕಳಿಗೆ ಅಪ್ಪ ಅಮ್ಮ ಮನೆತನ ಇರುತ್ತದೆ ಯಾರು ಅಂತ ಕೇಳಿದರೆ ಹೇಳಲು, ಮಕ್ಕಳ ಮನೆಯ ಮೆಟ್ಟಿಲ ಮೇಲೆ ಬಟ್ಟೆಗಂಟಿನಲ್ಲಿ ಸಿಕ್ಕಿದವನಿಗೆ ಇದೊಂದೇ ಉತ್ತರ, ಅದನ್ನೇ ಚಪ್ಪರಿಸಿ ಬೆಳೆದೆ.

ಕಂಪೌಂಡರ್ ತಾತ ಎದ್ದಿದ್ದಾರೆ. ಮೈಕನ್ನು ಗಡ್ಡಕ್ಕೆ ಒತ್ತಿ ಹಿಡಿದು, ನಮ್ಮ ತಮ್ಮ, ನಮ್ಮ ಮಧ್ಯದಲ್ಲೇ ಕೂತಿದ್ದಾನೆ, ಸಾವಿನ ಬಾಯಿಗೆ ಹೋಗಿ ಬಂದ ತಮ್ಮ, ಅವನ ಪ್ರಾಣ ಉಳಿಸಿದ್ದಕ್ಕೆ — ಬೇಡ ತಾತ, ಅದು ನಂದು, ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ, ಅವಳಿಗೆ ಹೇಳಿ — ಪ್ರಾಣ ಉಳಿಸಿದ್ದಕ್ಕೆ ಕರ್ತನಿಗೆ ಸ್ತೋತ್ರ. ಆಮೆನ್ ಅಂದರು ಎಲ್ಲರೂ. ಹೋಯಿತು. ಇವಳು ತಿರುಗಲಿಲ್ಲ, ಕೈಚೀಲದ ಪಟ್ಟಿಯನ್ನು ಒಂದು ಸುತ್ತು ಬೆರಳಿಗೆ ಸುತ್ತಿದಳು, ಬಾಯಿ ಓರೆ ಮಾಡಿ ಉಸುರಿದಳು, ಪರವಾಗಿಲ್ಲ, ಎಡಗೈ ಇದೆಯಲ್ಲ, ಅದಕ್ಕೆ ಹೇಳಿ. ಹೌದು, ಎಡಗೈ. ಈ ಸಭೆಯಲ್ಲೂ ನಿಯಮ ಅದೇ, ದೊಡ್ಡಮ್ಮನ ಕೈಯಲ್ಲಿ ಬೆಳೆದವರೇ ಮುಕ್ಕಾಲು ಪಾಲು, ವರ್ಷಕ್ಕೊಮ್ಮೆಯ ಈ ಕೃತಜ್ಞತಾ ಕೂಟದಲ್ಲಿ ಹೇಳಿದ್ದನ್ನೇ ಹೇಳಿದರೆ ನಗುತ್ತಾರೆ, ಮೈಕು ಹಿಂದಕ್ಕೆ ಬರುತ್ತದೆ. ಎಡಗೈ, ಎಡಗೈಗೆ ಸ್ತೋತ್ರ, ಅದಕ್ಕೆ ಇನ್ನೂ ಹಲ್ಲುಜ್ಜಲು ಸರಿಯಾಗಿ ಬರುವುದಿಲ್ಲ, ಪಾಪ, ದಡ್ಡ ಕೈ. ಆಸ್ಪತ್ರೆಯಲ್ಲಿ ಎದ್ದಾಗ ಮೊದಲು ಅದನ್ನೇ ನೋಡಿದ್ದು, ಇನ್ನೊಂದನ್ನು ನೋಡುವ ಧೈರ್ಯ ಇರಲಿಲ್ಲ, ಬಟ್ಟೆ ಸುತ್ತಿ ಸುತ್ತಿ ಒಂದು ಹೂಕೋಸಿನಷ್ಟು ದಪ್ಪ ಮಾಡಿದ್ದರು, ಒಳಗೆ ಬೆರಳೆಲ್ಲ ಇವೆ ಅನ್ನಿಸುತ್ತಿತ್ತು, ತುರಿಸುತ್ತಿದ್ದವು. ಫ್ಯಾಕ್ಟರಿಯ ಮೇಸ್ತ್ರಿ ಹಣ್ಣು ತಂದಿದ್ದ, ಹಾಸಿಗೆಯ ತುದಿಯಲ್ಲಿ ಕೂತು ತಾನೇ ಸುಲಿದು ತಾನೇ ತಿಂದ, ಪಾಪ ಗಾಬರಿಯಲ್ಲಿದ್ದ, ಎಲ್ಲಿ ನೋಡ್ತಿದ್ದೆ ಮಾರಾಯ, ಇಷ್ಟು ವರ್ಷ ಆ ಮೆಷಿನ್ ಹತ್ತಿರ ನಿಂತವನು, ಎಲ್ಲಿ ನೋಡ್ತಿದ್ದೆ. ಎಲ್ಲೂ ನೋಡ್ತಿರಲಿಲ್ಲ ಅಂದೆ. ಅದು ನಿಜ. ಅವನು ತಲೆಯಾಡಿಸಿದ, ನಿದ್ದೆ ಅಂದುಕೊಂಡ, ಆಗುತ್ತೆ ಆಗುತ್ತೆ ಅಂದ, ರಟ್ಟಿನ ಹಾಳೆ ಒಂದು ಕೆಟ್ಟಿತು ಅಷ್ಟೇ, ನೀನೇನು ತಲೆ ಕೆಡಿಸಿಕೋಬೇಡ. ಸಮಾಧಾನ ಹೇಳಲು ಬಂದವನು ಅವನು, ಬೇರೇನು ಹೇಳಬೇಕು ಅಂತ ಅವನಿಗೆ ಗೊತ್ತಿರಲಿಲ್ಲ, ಡಬ್ಬಿ ಫ್ಯಾಕ್ಟರಿಯವನು. ಆದರೆ ಹಾಳೆ ಕೆಟ್ಟಿರಲಿಲ್ಲ. ನಾನು ನೋಡಿದ್ದೇನೆ. ಹಾಳೆ ಸರಿಯಾಗಿ ಕತ್ತರಿಸಿತ್ತು. ಯಾರೋ ನಗುತ್ತಿದ್ದಾರೆ, ಟ್ಯೂಷನ್ ಮೇಡಂ, ಎಷ್ಟೊತ್ತಿಗೆ ಅವರ ಕೈಗೆ ಹೋಯಿತು ಮೈಕು, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಅದೇ ರಾಗದಲ್ಲಿ, ಒಂದು ಕೈ ಹೋದರೂ ಇನ್ನೊಂದು ಕೈ ಕಾಪಾಡಿದ ದೇವರಿಗೆ, ನಮ್ಮ ತಮ್ಮನ ಎಡಗೈಗಾಗಿ ಸ್ತೋತ್ರ. ಆಮೆನ್. ಒಳ್ಳೆಯ ಹೆಂಗಸು, ಆಸ್ಪತ್ರೆಗೆ ಸಾರು ಮಾಡಿ ತಂದಿದ್ದರು, ಇವತ್ತೂ ನನಗೇ ಏನೋ ಕೊಡುತ್ತಿದ್ದೇನೆ ಅಂದುಕೊಂಡಿದ್ದಾರೆ.

ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ, ಅದೇ ತಮಾಷೆ. ಬಸ್ ಡ್ರೈವರ್ ಅಣ್ಣ ಎದ್ದ, ಅವನದ್ದು ಯಾವಾಗಲೂ ಒಂದೇ ಉಸಿರು, ಹೆಬ್ಬೆರಳು ಉಳಿಸಿದ್ದಕ್ಕೆ ಸ್ತೋತ್ರ, ಹೆಬ್ಬೆರಳಿದ್ದರೆ ಸ್ಟೇರಿಂಗ್ ಹಿಡೀಬಹುದು ತಮ್ಮಾ, ನಾನು ಕಲಿಸ್ತೀನಿ, ಜನ ನಕ್ಕರು, ನಾನೂ ನಕ್ಕೆ, ಹೆಬ್ಬೆರಳೂ ಹೋಯಿತು. ಕೈಯಿಂದ ಬಿದ್ದದ್ದನ್ನು ಮೆಷಿನ್ ತೆಗೆದುಕೊಂಡಿತು, ಉಳಿದದ್ದನ್ನು ಇವರು ಒಂದೊಂದಾಗಿ ತೆಗೆದುಕೊಳ್ಳುತ್ತಿದ್ದಾರೆ, ಅಷ್ಟು ಪ್ರೀತಿಯಿಂದ. ಹೇಳಬೇಡಿ ಅಂತ ಹೇಗೆ ಹೇಳಲಿ. ಇವರು ಯಾರಿಗೂ ಗೊತ್ತಿಲ್ಲ, ಮನೆಯಲ್ಲಿ ಊಟದ ಮುಂದೆ ನಾನು ಏನು ಮಾಡುತ್ತೇನೆ ಅಂತ. ಇವಳಿಗೆ ಗೊತ್ತು, ಅರ್ಧ ಗೊತ್ತು. ತಟ್ಟೆ ಇಡುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಕಾಯುತ್ತಾಳೆ, ಮನೆಯ ಯಜಮಾನ ಹೇಳಬೇಕಲ್ಲ, ನನ್ನ ಬಾಯಲ್ಲಿ ಸ್ ಅನ್ನುವಷ್ಟು ಬರುತ್ತದೆ, ಆಮೇಲೆ ನಾಲಿಗೆ ಹಲ್ಲಿಗೆ ಅಂಟಿ ನಿಲ್ಲುತ್ತದೆ, ಮತ್ತೆ ರೆಪ್ಪೆ, ರೆಪ್ಪೆ ಕೆಳಗೆ ಬರುವುದೇ ಇಲ್ಲ, ಬೆರಳಿಲ್ಲದ ಕೈ ತನ್ನಷ್ಟಕ್ಕೆ ಹಿಂದಕ್ಕೆ ಹೋಗುತ್ತದೆ, ಬೆನ್ನ ಹಿಂದಕ್ಕೆ, ಯಾರೋ ಕಿತ್ತುಕೊಳ್ಳಲು ಬಂದ ಹಾಗೆ. ಅವಳು ಒಂದು ಕಣ್ಣು ತೆರೆದು ನೋಡಿ, ಆಯ್ತಾ, ಅನ್ನುತ್ತಾಳೆ. ಆಯ್ತು ಅನ್ನುತ್ತೇನೆ. ಉಣ್ಣುತ್ತೇವೆ. ಹೀಗೆ ಎಷ್ಟು ದಿನ. ಮೊದಮೊದಲು ನೋವಿನ ಮದ್ದಿನ ಮಂಪರು ಅಂದುಕೊಂಡೆ, ಆಮೇಲೆ ಸಿಟ್ಟು ಅಂದುಕೊಂಡೆ, ದೇವರ ಮೇಲೆ ಸಿಟ್ಟು ಮಾಡಿಕೊಂಡವರನ್ನು ನೋಡಿದ್ದೇನೆ, ಅವರು ಬೈಯುತ್ತಾರೆ, ಬೈಯಲು ಅವರಿಗೆ ನಿಲ್ಲುವ ಜಾಗ ಒಂದಿರುತ್ತದೆ, ತಮ್ಮ ಮನೆಯ ಜಗುಲಿಯ ಮೇಲೆ ನಿಂತು ಬೈದ ಹಾಗೆ. ನನಗೆ ಜಗುಲಿ ಯಾವುದು. ನಾನು ಯಾರು ಅನ್ನುವುದಕ್ಕೆ ಇದ್ದ ಉತ್ತರವೇ ಆ ಶಬ್ದ, ಅದು ಬಾಯಿಗೆ ಬಾರದಿದ್ದರೆ ಮೆಟ್ಟಿಲ ಮೇಲೆ ಮತ್ತೆ ಬಟ್ಟೆಗಂಟು, ಯಾರೂ ಎತ್ತಿಕೊಳ್ಳದ್ದು. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು, ಸದ್ದಿನಲ್ಲಿ, ಬರೀ ಶಬ್ದವಾಗಿ ಹೇಳಿ ನೋಡಿದೆ, ಬೇರೆ ಭಾಷೆಯ ಶಬ್ದದ ಹಾಗೆ, ಮೂರು ಸಲ, ಬಂತು, ಆದರೆ ಖಾಲಿ ಡಬ್ಬಿ, ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ನಾನು ಮಾಡಿದ್ದು ಎಲ್ಲ ಖಾಲಿ ಡಬ್ಬಿಯೇ, ಲಕ್ಷಗಟ್ಟಲೆ, ಬೇರೆ ಯಾರೋ ತುಂಬಿಸುತ್ತಿದ್ದರು. ಈಗ ಇವರು ನನಗೆ ಮಕ್ಕಳನ್ನು ಕೊಡುತ್ತಾರಂತೆ. ಕಣ್ಣು ಮುಚ್ಚಿಸು ಅಂತ. ಚಮಚ ಕೊಡುತ್ತಾರೆ. ಯಾವ ಕೈಗೆ ಕೊಡುತ್ತಾರೆ.

ಮುಂದಿನ ಸಾಲಿನಲ್ಲಿ ಕೂತಿವೆ ಆ ಮಕ್ಕಳು, ಒಂದೇ ಥರ ಎಣ್ಣೆ ಹಚ್ಚಿ ಬಾಚಿದ ತಲೆಗಳು, ಅವರ ಪಕ್ಕ ದೊಡ್ಡಮ್ಮ, ಗಾಲಿ ಕುರ್ಚಿಯಲ್ಲಿ, ಕುತ್ತಿಗೆ ಎಷ್ಟು ಸಣ್ಣಗಾಗಿದೆ, ಹಿಂದಿನಿಂದ ನೋಡಿದರೆ ಅವಳೂ ಆ ಮಕ್ಕಳಲ್ಲಿ ಒಬ್ಬಳು. ಅವಳು ಯಾರಿಗೂ ಹೊಡೆದವಳಲ್ಲ. ಹೊಡೆದಿದ್ದರೆ ಸುಲಭವಿತ್ತು. ನನಗೆ ಮಂಗನಬಾವು ಬಂದಾಗ ತನ್ನ ಮಂಚ ಬಿಟ್ಟುಕೊಟ್ಟು ನೆಲದ ಮೇಲೆ ಮಲಗಿದವಳು, ಕೆಲಸ ಸಿಕ್ಕಿದ ದಿನ ಫ್ಯಾಕ್ಟರಿಯ ಗೇಟಿನ ತನಕ ಬಂದು, ಮೆಷಿನ್ ಮುಟ್ಟುವ ಮುಂಚೆ ಸ್ತೋತ್ರ ಹೇಳೋದು ಮರೀಬೇಡ ಕಣೋ ಅಂದವಳು. ಮರೆಯಲಿಲ್ಲ ದೊಡ್ಡಮ್ಮ. ದಿನಾ ಪಾಳಿ ಶುರುವಾಗುವ ಮುಂಚೆ, ಮೆಷಿನ್ ಆನ್ ಮಾಡುವ ಮುಂಚೆ, ಕೈ ಜೋಡಿಸಿ, ಕಣ್ಣು ಮುಚ್ಚಿ, ಪಕ್ಕದ ಮೆಷಿನ್ನಿನ ಕುಡುಕ ನೋಡಿ ನಗುತ್ತಿದ್ದ, ಏನಪ್ಪಾ, ನಿಮ್ಮ ಯಜಮಾನರಿಗೆ ಹಾಜರಿ ಹಾಕಿಸಿದೆಯಾ. ಒಂದು ದಿನವೂ ತೊಂದರೆ ಆಗಲಿಲ್ಲ, ಯಾಕೆಂದರೆ ಅದು ಬಾಯಿಪಾಠ, ಅದು ಮೆಷಿನ್ ನಿಂತಿರುವಾಗ ಹೇಳುವ ಸ್ತೋತ್ರ. ಅವತ್ತಿನದು ಬೇರೆ. ಅವತ್ತಿನದನ್ನು ಯಾರಿಗೂ ಹೇಳಿಲ್ಲ. ಪಂಚಿಂಗ್ ಮೆಷಿನ್ ಅಂದರೆ ದೊಡ್ಡ ಪುಸ್ತಕದ ಹಾಗೆ, ಎರಡು ಕಬ್ಬಿಣದ ಹಲಗೆ, ತೆರೆಯುತ್ತದೆ ಮುಚ್ಚುತ್ತದೆ, ಯಾರಿಗಾಗಿಯೂ ನಿಲ್ಲುವುದಿಲ್ಲ, ಒಂದು ಹಲಗೆಯಲ್ಲಿ ಬ್ಲೇಡುಗಳಿವೆ ಡಬ್ಬಿಯ ಆಕಾರಕ್ಕೆ, ತೆರೆದಾಗ ಬಲಗೈ ರಟ್ಟಿನ ಹಾಳೆ ಇಡಬೇಕು, ಎಡಗೈ ಕತ್ತರಿಸಿದ್ದನ್ನು ತೆಗೆಯಬೇಕು, ಇಡು ತೆಗೆ ಇಡು ತೆಗೆ, ಕೈಗೆ ತನ್ನದೇ ತಲೆ ಬಂದಿರುತ್ತದೆ, ನಾವು ಬೇರೆ ಏನಾದರೂ ಯೋಚನೆ ಮಾಡಿಕೊಂಡಿರಬಹುದು. ಬೆಳಗಿನ ಹೊತ್ತು. ಚಾವಣಿಯಲ್ಲಿ ಒಂದು ಶೀಟು ಪಾರದರ್ಶಕದ್ದು, ಅದರಿಂದ ಬಿಸಿಲು ಬಿದ್ದಿತ್ತು, ಉದ್ದಕ್ಕೆ, ಅದರಲ್ಲಿ ರಟ್ಟಿನ ಧೂಳು ಮೇಲೇಳುತ್ತಿತ್ತು, ಬೀಳುತ್ತಿರಲಿಲ್ಲ, ಮೇಲೆ ಮೇಲೆ ಹೋಗುತ್ತಿತ್ತು, ಮೆಷಿನ್ನಿಗೆ ಹಿಂದಿನ ದಿನ ಎಣ್ಣೆ ಬಿಟ್ಟಿದ್ದರು, ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು, ರಟ್ಟಿನ ಅಂಚು ಬೆಚ್ಚಗಿತ್ತು ಕೈಗೆ, ಯಾವ ಕಾರಣವೂ ಇಲ್ಲ, ಮಗು ಹುಟ್ಟಿರಲಿಲ್ಲ, ಸಂಬಳ ಏರಿರಲಿಲ್ಲ, ಸುಮ್ಮನೆ, ಒಮ್ಮೆಗೇ ಅನ್ನಿಸಿತು ಎಲ್ಲ ಸರಿಯಾಗಿದೆ ಅಂತ. ಎಲ್ಲ ಇದೆ. ನನಗಿಂತ ಮುಂಚೆ ಯಾರೂ ಯಾವುದನ್ನೂ ತೆಗೆದುಕೊಂಡಿಲ್ಲ, ಸಾಲಿಲ್ಲ, ನಾನು ಕೊನೆಯವನಲ್ಲ, ಬಿಸಿಲು ಹಾಗೇ ಇದೆ, ಗಾಳಿ ಹಾಗೇ ಇದೆ, ನೀರು ಅನ್ನ ಎಲ್ಲ ಯಾರ ಬಾಯಿಂದಲೂ ಎಂಜಲಾಗದೆ ಇದೆ, ಯಾವುದಕ್ಕೆ ಬೇಕಾದರೂ ಹೇಳು ಅಂತ ಯಾರೋ ಅಂದ ಹಾಗೆ — ಹುಡುಕಬೇಕಾಗಿರಲಿಲ್ಲ. ಎದೆಯ ಕೆಳಗಿನಿಂದ ತಾನಾಗಿ ಬಂತು. ಸ್ತೋತ್ರ. ಹುಟ್ಟಿದ ಮೇಲೆ ಮೊದಲ ಸಲ, ಯಾರೂ ಹೇಳಿಸದೆ. ಅದು ಬಂದ ಕೂಡಲೇ ಮಿಕ್ಕ ಎರಡೂ ಬಂದವು, ಕಣ್ಣು ಮುಚ್ಚಿತು, ಕೈ ಕೈಯನ್ನು ಹುಡುಕಿಕೊಂಡು ಹೊರಟಿತು, ಬಲಗೈ ಹಲಗೆಯ ಮೇಲೆ ಕಾದು ನಿಂತಿತು, ಎಡಗೈ ಬರಲಿ ಅಂತ. ಎಡಗೈ ದಡ್ಡ, ನಿಧಾನ. ಇನ್ನಷ್ಟು ಚುರುಕಾಗಿದ್ದರೆ ಎರಡೂ ಜೋಡಿಸಿಕೊಂಡೇ ಇರುತ್ತಿದ್ದವು.

ಕಣ್ಣು ತೆರೆದಾಗ ಹಲಗೆಯೂ ತೆರೆದಿತ್ತು. ನೋವು ಇನ್ನೂ ಬಂದಿರಲಿಲ್ಲ, ಎಲ್ಲೋ ದಾರಿಯಲ್ಲಿತ್ತು. ಹಾಳೆ ಸರಿಯಾಗಿ ಕತ್ತರಿಸಿತ್ತು — ಸಾಕು, ಅದು ಬೇಡ, ಮೈಕು ಎಲ್ಲಿದೆ. ಡುಮ್ಮನ ಹತ್ತಿರ. ಅವನು ಈಗ ಇನ್ನೂ ಡುಮ್ಮ, ಎರಡು ಅಂಗಡಿ, ಎರಡು ಗದ್ದ, ನಮ್ಮ ಸಾಲಿಗೇ ಬಂದು ಕೂತಿದ್ದಾನೆ ನನಗೆ ಧೈರ್ಯಕ್ಕೆ ಅಂತ, ಇವಳ ಆ ಕಡೆ. ಅವನೂ ನನ್ನನ್ನು ಬಿಡುವುದಿಲ್ಲ, ನನ್ನ ಗೆಳೆಯನಿಗೆ ಇಂಥ ಹೆಂಡತಿ ಕೊಟ್ಟಿದ್ದಕ್ಕೆ ಸ್ತೋತ್ರ, ಇವಳಿಲ್ಲದಿದ್ದರೆ ಇವನ ಗುಂಡಿ ಹಾಕುವವರು ಯಾರು, ಎಂದ, ಮತ್ತೆ ನಗು, ಅಯ್ಯನವರೂ ನಕ್ಕರು. ಹೆಂಡತಿಯೂ ಹೋದಳು. ಇವಳು ನಗಲಿಲ್ಲ, ಮೈಕನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಎದ್ದು ನಿಂತಳು. ಇವಳು ಮಕ್ಕಳ ಮನೆಯಲ್ಲಿ ಬೆಳೆದವಳಲ್ಲ, ಬಟ್ಟೆ ಹೊಲಿಯುವವಳು, ನಿಮ್ಮ ಸಭೆಯವರೆಲ್ಲ ಒಂದೇ ಅಳತೆಗೆ ಹೊಲಿದ ಅಂಗಿಗಳು ಕಣ್ರೀ ಅಂತ ಮದುವೆಯಾದ ಹೊಸದರಲ್ಲಿ ಅಂದಿದ್ದಳು. ಎಲ್ಲರೂ ನಮ್ಮ ಮನೆಯದ್ದನ್ನೆಲ್ಲ ಹೇಳಿಬಿಟ್ರಿ, ಸಂತೋಷ, ಅಂದಳು, ಅದು ಸಂತೋಷದ ಧ್ವನಿಯಾಗಿರಲಿಲ್ಲ. ಸ್ವಿಚ್ ಆಫ್ ಮಾಡಿ ಇವರನ್ನ ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು ಪಕ್ಕದ ಮೆಷಿನ್ನಿನವನು, ಕುಡಿಯೋನು, ಯಾವ ದೇವರ ಮುಂದೆಯೂ ನಿಲ್ಲದವನು, ಇಲ್ಲಿ ಯಾರೂ ಅವನನ್ನ ನೆನೆಸಲಿಲ್ಲ, ನಾನು ಅವನಿಗೆ ಹೇಳ್ತೀನಿ. ಅಷ್ಟೇ. ಆಮೆನ್ ಬರುವುದು ತಡವಾಯಿತು. ಅಯ್ಯನವರು ಎದ್ದು, ಹೌದು ಹೌದು, ದೇವರು ಎಂಥವರನ್ನೂ ಉಪಯೋಗಿಸುತ್ತಾನೆ ಅಂತ ನೇರ ಮಾಡಿದರು, ಸುಕ್ಕಿನ ಮೇಲೆ ಇಸ್ತ್ರಿ ಎಳೆದ ಹಾಗೆ. ಮೈಕು ನನ್ನ ತೊಡೆಯ ಮೇಲೆ ಇದೆ. ಇವಳು ಇಟ್ಟಳು, ಕೊಡಲಿಲ್ಲ, ಇಟ್ಟಳು. ಎಡಗೈಯಿಂದ ಹಿಡಿದು ಏಳುತ್ತೇನೆ, ಬಿಸಿಯಾಗಿದೆ, ಎಷ್ಟು ಜನರ ಅಂಗೈ. ಎಲ್ಲರೂ ಮುಂದಕ್ಕೆ ತಿರುಗಿ ತಲೆ ತಗ್ಗಿಸುತ್ತಾರೆ, ಕೇಳುವವರೂ ಕಣ್ಣು ಮುಚ್ಚಬೇಕು. ಪ್ರಾಣ ಹೋಯಿತು, ಎಡಗೈ ಹೋಯಿತು, ಹೆಬ್ಬೆರಳು, ಹೆಂಡತಿ, ಕುಡುಕ. ಗೋಡೆಯಲ್ಲಿ ಮೊಳೆ ಇದೆ. ಮೊಳೆಗೆ ಹೇಳಲೇ. ಹೇಳಿದರೆ ದೊಡ್ಡಮ್ಮನಿಗೆ ಖುಷಿಯಾಗುತ್ತದೆ, ಕೆಲಸ ಸಿಗುತ್ತದೆ, ಇವಳ ಬೆನ್ನು ಹೊಲಿಗೆ ಮೆಷಿನ್ನಿನ ಮೇಲೆ ಇಷ್ಟು ಬಾಗುವುದು ತಪ್ಪುತ್ತದೆ, ಒಂದು ಮೊಳೆ, ಒಂದು ಶಬ್ದ — ಸ್ — ನಾಲಿಗೆ ಹಲ್ಲಿಗೆ ಅಂಟಿತು, ಮೈಕಿನಲ್ಲಿ ಬರೀ ಗಾಳಿ, ಇಡೀ ಹಾಲಿನಲ್ಲಿ ಬುಸ್ ಅಂತ ನನ್ನ ಉಸಿರು.

ಇನ್ನೊಂದಿರುತ್ತೆ ಕಣೋ, ಹುಡುಕು. ದೊಡ್ಡಮ್ಮ. ಧ್ವನಿ ಮಾತ್ರ ಸಣ್ಣಗಾಗಿಲ್ಲ. ತಿರುಗಲು ಆಗುವುದಿಲ್ಲ ಅವಳಿಗೆ, ಅಯ್ಯನವರು ಗಾಲಿ ಕುರ್ಚಿಯನ್ನು ಮೆಲ್ಲಗೆ ಈ ಕಡೆ ತಿರುಗಿಸಿದರು, ನಗುತ್ತಿದ್ದಾಳೆ, ಹಲ್ಲಿಲ್ಲ, ಕಣ್ಣು ಮುಚ್ಚಿದೆ, ಕೈ ಜೋಡಿಸಿದೆ. ಕಾಯುತ್ತಾಳೆ ಅವಳು, ಎಷ್ಟು ಹೊತ್ತು ಬೇಕಾದರೂ. ಊಟ ಆರಲಿ. ನನ್ನೊಬ್ಬನದೇ ಕಣ್ಣು ತೆರೆದಿರುವುದು ಈ ಹಾಲಿನಲ್ಲಿ, ಎಷ್ಟೊಂದು ರೆಪ್ಪೆಗಳು, ಎಷ್ಟೊಂದು ಬೆರಳುಗಳು ಒಂದರೊಳಗೊಂದು ಹೆಣೆದುಕೊಂಡು, ಮುಂದೆ ಆ ಮಕ್ಕಳು ಸಣ್ಣ ಸಣ್ಣ ಬೆರಳು ಜೋಡಿಸಿ, ರೆಪ್ಪೆ ಒತ್ತಿ ಒತ್ತಿ ಮುಚ್ಚಿ, ಮೂಗು ಸುಕ್ಕಾಗುವಷ್ಟು, ಮೂರೂ ಒಂದೇ ಗುಂಡಿಗೆ, ದೊಡ್ಡವರಾದ ಮೇಲೆ ಎಲ್ಲಿ ನಿಲ್ಲುತ್ತವೋ ಇವು, ಯಾವ ಮೆಷಿನ್ನಿನ ಮುಂದೆ, ಯಾವ ರಸ್ತೆ ದಾಟುವಾಗ ಬಿಸಿಲು ಚೆನ್ನಾಗಿದೆ ಅನ್ನಿಸುತ್ತದೋ. ನಾನು ಅವರ ಹಿಂದೆ ಚಮಚ ಹಿಡಿದು ನಡೆಯಬೇಕು. ಆಗುವುದಿಲ್ಲ. ಇದೊಂದು ಆಗುವುದಿಲ್ಲ. "ದೊಡ್ಡಮ್ಮ," ಅಂದೆ, ಮೈಕು ಅದನ್ನು ಮೂಲೆ ಮೂಲೆಗೂ ಒಯ್ದಿತು, "ಅವತ್ತು ಮೆಷಿನ್ ಮುಂದೆ ನಾನು ನಿದ್ದೆ ಮಾಡ್ತಿರಲಿಲ್ಲ. ಸ್ತೋತ್ರ ಹೇಳ್ತಿದ್ದೆ. ಮನಸಾರೆ ಹೇಳ್ತಿದ್ದೆ. ಅದಕ್ಕೇ ಕಣ್ಣು ಮುಚ್ಚಿಬಿಟ್ಟೆ." ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದೆ. "ಮಕ್ಕಳಿಗೆ ಕಣ್ಣು ಬಿಡೋಕೆ ಹೇಳಿ, ದೊಡ್ಡಮ್ಮ." ಮೊದಲು ತೆರೆದದ್ದು ಇವಳ ಕಣ್ಣು, ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಾಳೆ, ಗುಂಡಿ ತಪ್ಪಾಗಿ ಹಾಕಿದ್ದು ಈಗ ಕಂಡವಳ ಹಾಗೆ, "ನನಗೂ ಹೇಳಲಿಲ್ಲ ನೀವು," ಮೆಲ್ಲಗೆ, ಮೈಕಿಗೆ ಕೇಳದಷ್ಟು. ಅಯ್ಯನವರು, ಎಲ್ಲರೂ ತಲೆಬಾಗಿಸೋಣ, ಪ್ರಾರ್ಥಿಸೋಣ ಅನ್ನುತ್ತಿದ್ದಾರೆ, ಅವಸರದಲ್ಲಿ, ಬಾಗಿಸಿದ ತಲೆಗಳನ್ನೇ ಮತ್ತೆ ಬಾಗಿಸಿ ಅನ್ನುತ್ತಿದ್ದಾರೆ, ಕೆಲಸ ಹೋಯಿತು, ಅದು ಅವರ ಧ್ವನಿಯಲ್ಲೇ ಇದೆ, ನಮ್ಮ ತಮ್ಮನ ನಂಬಿಕೆಗಾಗಿ ಅನ್ನುತ್ತಿದ್ದಾರೆ, ಅಂದರೆ ನನಗಾಗಿ, ನಾನಿಲ್ಲದ ಹಾಗೆ. ದೊಡ್ಡಮ್ಮ ಮಾತ್ರ ತಲೆ ಬಾಗಿಸಲಿಲ್ಲ. ಅವಳ ಕಣ್ಣು ತೆರೆದಿದೆ, ನನ್ನ ಮುಖ ನೋಡುತ್ತಿಲ್ಲ, ಕೈ ನೋಡುತ್ತಿದ್ದಾಳೆ, ಆಸ್ಪತ್ರೆಗೆ ಬಂದಾಗಲೂ ನೋಡದಿದ್ದ ಕೈ, ಕೈಚೀಲ ಯಾವಾಗ ಜಾರಿ ಬಿತ್ತೋ, ಅವಳ ಎರಡು ಕೈಗಳು ಒಂದನ್ನೊಂದು ಬಿಟ್ಟಿವೆ, ಮತ್ತೆ ಸೇರಲು ಹೋಗಿ ನಡುವೆ ಒಂದು ಗೇಣು ಬಿಟ್ಟು ಗಾಳಿಯಲ್ಲಿ ನಿಂತಿವೆ, ಜೋಡಿಸಲೂ ಆಗದೆ ಇಳಿಸಲೂ ಆಗದೆ, ಜೋಡಿಸು ದೊಡ್ಡಮ್ಮ, ಬೇಡ, ಇಳಿಸು, ನಿನಗೆ ನೋವಾಗಲಿ ಅಂತ ಹೇಳಲಿಲ್ಲ, ಯಾರಿಗೆ ಹೇಳಿದೆ ಹಾಗಾದರೆ, ಆ ಗೇಣಿನ ನಡುವೆ ಏನೂ ಇಲ್ಲ, ಹಲಗೆ ತೆರೆದಿದೆ, ಹಾಳೆ ಸರಿಯಾಗಿ ಕತ್ತರಿಸಿತ್ತು, ಒಂದು ಕೂದಲಿನಷ್ಟೂ ಆಚೀಚೆ ಇಲ್ಲ, ಮಡಿಸಿದರೆ ಒಳ್ಳೆಯ ಡಬ್ಬಿ — ಹಾಳೆ ಸರಿಯಾಗಿ ಕತ್ತರಿಸಿತ್ತು, ಬಿಸಿಲು ಅದರ ಮೇಲೆಯೇ ಬಿದ್ದಿತ್ತು — ಹಾಳೆ ಸರಿಯಾಗಿ — ಅದರ ಮೇಲೆ, ಇಟ್ಟ ಹಾಗೆ, ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ನಾಲ್ಕು.